ನೆತ್ತಿಯ ಮೇಲೆ ಬಿದ್ದದ್ದು ಹಲ್ಲಿಯಲ್ಲವೆಂಬ ದಾಖಲೆ ಬೇಡವಾದ ಬಗ್ಗೆ

ತಿಕೋಟಾ, ೯ ಮಾರ್ಚ್ ೧೯೪೬

ಇಂದ: ಗುರಲಿಂಗಪ್ಪ, ದ್ರಾಕ್ಷಿ ತೋಟದವರು, ತಿಕೋಟಾ

ಗೆ: ಪ್ರಾಣಿ ಸಂಶೋಧಕ ಸಾಹೇಬರು, ಮುಕ್ಕಾಂ ಪ್ರವಾಸಿ ಬಂಗಲೆ, ವಿಜಾಪುರ

ವಿಷಯ: ದಾಖಲೆ ಕೋರಿದ ಅರ್ಜಿಯನ್ನು ಹಿಂಪಡೆಯುವುದು

ಉಲ್ಲೇಖ: ತಮ್ಮ ಕೈಗೇ ಕೊಟ್ಟ ನನ್ನ ಹಿಂದಿನ ಅರ್ಜಿ

ಮಾನ್ಯರೇ,

೧. ನಿಡೋಣಿಯ ಸಂಗಣ್ಣನವರ ಮಗಳು ಗೌರಾಬಾಯಿಯನ್ನು ನೋಡಲು ಹೋಗಿ ಚುರಮರಿ ಸೂಸಲಾ ತಿನ್ನುತ್ತಿದ್ದಾಗ, ಮಾಳಿಗೆಯಿಂದ ಒಂದು ಪ್ರಾಣಿ ಅರ್ಜಿದಾರನ ನೆತ್ತಿಯ ಮೇಲೆ ಬಿದ್ದಿತು. ಕಾರಣ ನಮ್ಮ ಆಯಿ (ಅಜ್ಜಿ) ಮುರಿಗೆವ್ವ, “ನೆತ್ತಿ ಮ್ಯಾಲ ಹಲ್ಲಿ ಬಿತ್ತು! ಈ ಸಂಬಂಧ ಬ್ಯಾಡ, ಏಳ್ರಿ!” ಎಂದು ಎದ್ದೇಬಿಟ್ಟರು.

೨. ಗೌರಾಬಾಯಿ ಅದರ ಮೇಲೆ ಬುಟ್ಟಿ ಮುಚ್ಚಿ, “ಇದು ಹಲ್ಲಿ ಅಲ್ರಿ ಆಯಿ. ಮೈತುಂಬ ಚುಕ್ಕಿ ಅದಾವ, ನೋಡ್ರಿ” ಎಂದಳು. “ಹಂಗಂತ ವಿಜಾಪುರಕ್ಕ ಬಂದಾರಲ್ಲ, ಆ ಪ್ರಾಣಿ ಸಾಹೇಬ್ರು ಬರದು ಕೊಡ್ಲಿ” ಎಂದರು ಆಯಿ.

೩. ಆದ್ದರಿಂದ ನಾನು ಅರ್ಜಿಯೊಂದಿಗೂ, ತಂದೆ-ಮಗಳು ಬುಟ್ಟಿಯೊಂದಿಗೂ ತಮ್ಮಲ್ಲಿಗೆ ಬಂದೆವು. ತಾವು ಬುಟ್ಟಿಯೊಳಗೆ ಇಣುಕಿ, ಚಹಾ ಚೆಲ್ಲಿಕೊಂಡು, “ಇದು ಮನೆಯ ಹಲ್ಲಿಯಲ್ಲ, ಬಹಳ ಜನ ಕಾಣದ ಜಾತಿ! ಬರೆದುಕೊಡುತ್ತೇನೆ. ಆದರೆ ಗುರುತಿಗೆ ಇದು ಸ್ಪಿರಿಟ್ ಸೀಸೆಯಲ್ಲಿ ಉಳಿಯಬೇಕು” ಎಂದಿರಿ.

೪. “ನನ್ನ ಲಗ್ನದ ಸಲುವಾಗಿ ಅದರ ಜೀವಾ ತೆಗೀತೀರೇನ್ರಿ? ಹಂಗಾರ ಲಗ್ನನ ಬ್ಯಾಡ” ಎಂದು ಗೌರಾಬಾಯಿ ಬುಟ್ಟಿ ಎತ್ತಿಕೊಂಡು ನಡೆದಳು. ಮದುವೆಯಾದರೆ ಇವಳನ್ನೇ ಎಂದು ಅರ್ಜಿದಾರನಿಗೆ ಆಗಲೇ ನಿಶ್ಚಯವಾಯಿತು. ಇದಕ್ಕೆ ಯಾರ ಮಂಜೂರಾತಿಯನ್ನೂ ಪಡೆದಿಲ್ಲ.

೫. ನಡೆದದ್ದನ್ನು ಮನೆಯಲ್ಲಿ ಹೇಳಿದೆ. ಆಯಿ, “ಒಂದು ಹುಳಕ್ಕ ಇಷ್ಟು ಮರಗಾಕಿ, ಈ ಮುದುಕಿಗೆ ಬಿಸಿ ರೊಟ್ಟಿ ಹಾಕಾಂಗಿಲ್ಲೇನು? ಬಂಡಿ ಹೂಡ್ಲೇ!” ಎಂದರು. ಅಂದೇ ನಿಡೋಣಿಯಲ್ಲಿ ವೀಳ್ಯ ಹಿಡಿದು ಲಗ್ನ ನಿಶ್ಚಯ ಮಾಡಿದೆವು.

ಕಾರಣ, ಸದರಿ ದಾಖಲೆ ಇನ್ನು ಬೇಕಿಲ್ಲ. ಪ್ರಾಣಿಯು ಸಂಗಣ್ಣನವರ ಮಾಳಿಗೆಯಲ್ಲಿ ಕ್ಷೇಮವಾಗಿದೆ. ಅಂದು ಬುಟ್ಟಿ ಹೊರಟಾಗ ತಮ್ಮ ಮುಖ ಸಪ್ಪಗಾದದ್ದು ಗೌರಾಬಾಯಿಯ ಮನಸ್ಸಿನಲ್ಲಿ ಉಳಿದಿದೆ. “ಕೊಲ್ಲೂದು ಬ್ಯಾಡ. ಬೇಕಾದಷ್ಟು ಹೊತ್ತು ಕೂತು ನೋಡ್ಲಿ, ಚಿತ್ರಾ ತಕ್ಕೊಳ್ಳಿ” ಎಂದು ಹೇಳಿಕಳಿಸಿದ್ದಾಳೆ.

ಆದರೆ ಲಗ್ನವಾದ ಮೇಲೆ ಅವಳು ತಿಕೋಟಾಕ್ಕೆ ಬರುವಳು. ಅವರಪ್ಪನಿಗೋ ಹಲ್ಲಿ ಕಂಡರೆ ಭಯ, ತೋರಿಸುವವರು ಇರುವುದಿಲ್ಲ. ಆದ್ದರಿಂದ ತಾವು ಅರಿಷಿಣ ಹಚ್ಚುವುದಕ್ಕಿಂತ ಮೊದಲೇ ಬರಬೇಕು. ಹಚ್ಚಿದ ಮೇಲೆ ಮದುಮಗಳನ್ನು ಮಾಳಿಗೆ ಹತ್ತಿಸಲು ಆಯಿಯ ಅಪ್ಪಣೆ ಬೇಕಾಗುತ್ತದೆ. ಅದಕ್ಕೆ ತಾವೇ ಪ್ರತ್ಯೇಕ ಅರ್ಜಿ ಹಾಕಿಕೊಳ್ಳತಕ್ಕದ್ದು.

ತಮ್ಮ ವಿಶ್ವಾಸಿ ಹಾಗೂ ಸದ್ಯದ ಮದುಮಗ,
ಗುರಲಿಂಗಪ್ಪ

ಲಗತ್ತು: ಲಗ್ನಪತ್ರಿಕೆ, ಆಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆ (ಡಬ್ಬಿ ಮರಳಿ ಕೊಡಬೇಕಾಗಿ ವಿನಂತಿ).