ಮಾಸ್ಟರು ಹೊಲಿದ ಶೆಡ್ಡು

ಟೈಲರ್ ಮಾಸ್ಟರಿಗೆ ಜಗತ್ತಿನ ಮೇಲಿದ್ದ ದೂರು ಒಂದೇ: ಯಾರಿಗೂ ತಾಳ್ಮೆ ಇಲ್ಲ. ಕೋಟಿಗೆಂದು ಬಟ್ಟೆ ಕೊಟ್ಟು ಹೋದವನು ಕೋಟು ಬೇಕು ಅನ್ನುತ್ತಾನೆ. ಅದೂ ಹೇಳಿದ ದಿನಕ್ಕೇ ಬೇಕು ಅನ್ನುತ್ತಾನೆ. ಮಾಸ್ಟರು ಬಡವ ಬಲ್ಲಿದ ಎಂಬ ಭೇದವಿಲ್ಲದೆ ಎಲ್ಲರಿಗೂ "ಬರೋ ಶುಕ್ರವಾರ ಬನ್ನಿ" ಎಂದು ಹೇಳಿ ಕಳಿಸುತ್ತಿದ್ದರು. ಶುಕ್ರವಾರವಾದರೆ ವಾರಕ್ಕೊಮ್ಮೆ ತಾನಾಗಿಯೇ ಬರುತ್ತದೆ, ಅದಕ್ಕಾಗಿ ಯಾರೂ ಏನೂ ಮಾಡಬೇಕಾಗಿಲ್ಲ. ಹೆಚ್ಚಿನವರು ನಂಬಿ ಹೋಗುತ್ತಿದ್ದರು. ಯಾರಾದರೂ ಕಿಲಾಡಿ ಗಿರಾಕಿ ಮೆಟ್ಟಿಲ ಮೇಲೆ ನಿಂತು, ಹಿಂದಿರುಗಿ ನೋಡಿ, "ಯಾವ ಶುಕ್ರವಾರ?" ಎಂದು ಕೇಳಿದರೆ ಮಾತ್ರ ಮಾಸ್ಟರ ಮನಸ್ಸಿಗೆ ಬಹಳ ನೋವಾಗುತ್ತಿತ್ತು. ಇಷ್ಟೊಂದು ಅಪನಂಬಿಕೆ ತುಂಬಿದ ಜನರ ನಡುವೆ ಕಸುಬು ಮಾಡುವುದು ಹೇಗೆಂದು ಅವರು ಆ ದಿನವೆಲ್ಲ ಕತ್ತರಿ ಮುಟ್ಟುತ್ತಿರಲಿಲ್ಲ.

ಕೈಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಆ ಮಾತನ್ನು ಹೇಳಲೇಬೇಕು. ಅವರು ಹೊಲಿದ ಕೋಟಿನಲ್ಲಿ ಒಂದು ಸುಕ್ಕು ಹುಡುಕುವುದೂ ಕಷ್ಟ. ಕೋಟು ಕೈಗೆ ಸಿಗುವುದು ಅದಕ್ಕಿಂತ ಕಷ್ಟ. ಅವರ ಬಾಮೈದ, ಅಂದರೆ ಹೆಂಡತಿಯ ತಮ್ಮ, ಬಡಗಿ. ಅವನು ತನ್ನ ಮದುವೆಗೆಂದು ಕೊಟ್ಟ ಬಟ್ಟೆ ಕೋಟಾಗಿ ವಾಪಸು ಬಂದಾಗ ಅವನ ಮಗಳು ಶಾಲೆಗೆ ಹೋಗುತ್ತಿದ್ದಳು. ಮದುವೆಯ ದಿನ ಅವನು ಪಕ್ಕದ ಮನೆಯವನ ಕೋಟು ತೊಟ್ಟು, ಫೋಟೋಗಳಲ್ಲೆಲ್ಲ ಉದ್ದನೆಯ ತೋಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಾನೆ. ಮಾಸ್ಟರು ಕೊನೆಗೂ ಕೊಟ್ಟ ಕೋಟು ಬಹಳ ಚೆನ್ನಾಗಿತ್ತು; ಗುಂಡಿ ಮಾತ್ರ ಹೊಟ್ಟೆಯ ಮೇಲೆ ಸೇರಲಿಲ್ಲ. ಬಟ್ಟೆ ಕೊಟ್ಟಾಗಿನ ಅಳತೆಗೆ ಅದು ಸರಿಯಾಗಿಯೇ ಇದೆ, ತಪ್ಪೇನಿದ್ದರೂ ಹೊಟ್ಟೆಯದು ಎಂದು ಮಾಸ್ಟರು ತೀರ್ಪು ಕೊಟ್ಟಿದ್ದರು. ಅಂದಿನಿಂದ ಭಾವ ಬಾಮೈದರು ಮಾತು ಬಿಟ್ಟಿರಲಿಲ್ಲ, ಆದರೆ ಯಾವ ಮಾತು ಎತ್ತಿದರೂ ಅದರ ಹಿಂದೆ ಆ ಕೋಟು ಇರುತ್ತಿತ್ತು.

ಹೀಗಿರುವಾಗ ಅಂಗಡಿಯಿದ್ದ ಹಳೇ ಕಟ್ಟಡವನ್ನು ಅದರ ಮಾಲೀಕರು ಕೆಡವಿಸಿದರು. ಮಾಸ್ಟರ ಸರ್ವಸ್ವವೂ ಮನೆಗೆ ಬಂತು: ಹೊಲಿಗೆ ಮೆಷಿನ್ನು, ಇಸ್ತ್ರಿ ಪೆಟ್ಟಿಗೆ, ಕೋಟು ತೊಡಿಸಿ ನೋಡುವ ತಲೆಯಿಲ್ಲದ ಗೊಂಬೆ, ಮತ್ತೆ ಜನ ಹೊಲಿಯಲು ಕೊಟ್ಟ ಬಟ್ಟೆಗಳ ಗಂಟುಗಳು. ಗಂಟುಗಳು ಊಟದ ಮೇಜನ್ನು ಪೂರ್ತಿ ಮುಚ್ಚಿದವು. ಗೊಂಬೆ ಬಚ್ಚಲಿನ ಬಾಗಿಲ ಪಕ್ಕ ನಿಂತಿತು. ಮಾಸ್ಟರ ಹೆಂಡತಿ ಬೆಳಗಿನ ಅರೆಗತ್ತಲಲ್ಲಿ ಅದಕ್ಕೆ "ರೀ, ಸ್ವಲ್ಪ ಸರೀರಿ" ಎನ್ನುತ್ತಿದ್ದರು. (ಅದು ಜಪ್ಪಯ್ಯ ಅಂದರೂ ಸರಿಯುತ್ತಿರಲಿಲ್ಲವಾದ್ದರಿಂದ ಆಕೆಗೆ ಅನುಮಾನ ಬರಲು ಕಾರಣವಿರಲಿಲ್ಲ.) ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿ ಮಾಡಿ ಗಂಡಹೆಂಡಿರಿಬ್ಬರ ಬಟ್ಟೆಯ ಮೇಲೂ ಸಾರಿನ ಕಲೆ ಬಿದ್ದಿತ್ತು.

ಮಾಸ್ಟರ ಕಷ್ಟ ಬೇರೆಯೇ ಇತ್ತು. ಅಂಗಡಿಗೆ ಒಂದು ಹಿಂಬಾಗಿಲಿತ್ತು. ಗಿರಾಕಿ ಮುಂದಿನಿಂದ ಬಂದರೆ ಮಾಸ್ಟರು ಹಿಂದಿನಿಂದ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಮನೆಯ ಹಿತ್ತಲಿಗೋ ಸುತ್ತಲೂ ಕಾಂಪೌಂಡ್ ಗೋಡೆ, ಇಲ್ಲಿ ಆ ಸೌಕರ್ಯವಿಲ್ಲ. ಸಾಲದ್ದಕ್ಕೆ ಹೆಂಡತಿ ಬಂದವರನ್ನೆಲ್ಲ ಕೂರಿಸಿ, ಕಾಫಿ ಕೊಟ್ಟು, ಒಳಗೇ ಇದ್ದಾರೆ, ಈಗ ಬರ್ತಾರೆ ಎಂದು ಸತ್ಯವನ್ನೇ ಹೇಳಿಬಿಡುತ್ತಿದ್ದರು.

ಒಂದು ದಿನ ಯಜಮಾನಿ ತಟ್ಟೆಯನ್ನು ನೆಲದ ಮೇಲಿಟ್ಟು ಎದ್ದು ನಿಂತರು.

"ರೀ, ಈ ಮನೆಗೆ ಬಂದಾಗಿನಿಂದ ಕಿಟಕಿಗೊಂದು ಪರದೆ ಹೊಲಿದುಕೊಡಿ ಅಂತ ಕೇಳ್ತಾ ಇದೀನಿ. ಬಟ್ಟೆನೂ ನಾನೇ ತಂದುಕೊಟ್ಟೆ. ಅದು ಹೋಗಲಿ, ಬಿಟ್ಟೆ. ಊಟದ ಮೇಜಾದ್ರೂ ಬಿಟ್ಟುಕೊಡಿ. ರಜಕ್ಕೆ ಮಗಳು ಬರ್ತಾಳೆ, ಮಗು ಬರುತ್ತೆ. ಅಷ್ಟರೊಳಗೆ ಇದೆಲ್ಲ ಮನೆಯಿಂದ ಆಚೆ ಹೋಗಬೇಕು. ಇಲ್ಲಿ ಇದಿರಬೇಕು, ಇಲ್ಲ ನಾನಿರಬೇಕು."

ಮಾಸ್ಟರು ಗೊಂಬೆಯ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿದರು. ತೀರ್ಮಾನಕ್ಕೆ ಬರಲು ಅವರು ತೆಗೆದುಕೊಂಡ ಸಮಯ ಸ್ವಲ್ಪ ಹೆಚ್ಚಾಯಿತೆಂದು ಯಜಮಾನಿ ಇವತ್ತಿಗೂ ಹೇಳುತ್ತಾರೆ.

ಆದರೆ ಆ ಹೊತ್ತಿನಲ್ಲೇ ಮಾಸ್ಟರಿಗೆ ಜ್ಞಾನೋದಯವಾಗಿತ್ತು. ಹಿತ್ತಲಲ್ಲಿ ಒಂದು ಮರದ ಶೆಡ್ಡು ಕಟ್ಟುವುದು, ಸಮಸ್ತ ಸಾಮಾನೂ ಅಲ್ಲಿಗೆ, ತಾವೂ ಅಲ್ಲಿಗೆ. ಮನೆ ಕಟ್ಟುವವರು ಮೊದಲು ಅಡಿಪಾಯ ಹಾಕುತ್ತಾರೆ. ಮಾಸ್ಟರು ಮೊದಲು ಪೇಟೆಗೆ ಹೋಗಿ ಒಂದು ಹಿತ್ತಾಳೆಯ ಚಿಲಕ ತಂದರು. ಗೇಣುದ್ದದ, ಭಾರವಾದ, ಕೋಟೆಬಾಗಿಲಿಗೂ ಸಾಲುವಂಥ ಚಿಲಕ. ಅದನ್ನು ಒಳಗಿನಿಂದ ಜಡಿದುಕೊಂಡು ಕೂತರೆ ಭೂಮಂಡಲದ ಯಾವ ಗಿರಾಕಿಯೂ ಬಂದು "ಆಯ್ತಾ?" ಎಂದು ಕೇಳುವಂತಿಲ್ಲ. ಶೆಡ್ಡಿನ ಉಳಿದ ಭಾಗವೆಲ್ಲ ಆ ಚಿಲಕಕ್ಕೆ ಒಂದು ಆಧಾರವಾಗಿ ಬೇಕಾಗಿತ್ತು, ಅಷ್ಟೆ.

ಯಜಮಾನಿ ತಮ್ಮನಿಗೆ ಹೇಳಿ ಕಳಿಸಿದರು. ಅವನು ಬಂದು, ಹಿತ್ತಲನ್ನು ನೋಡಿ, ಎರಡು ದಿನದ ಕೆಲಸ, ತಾನೇ ಮಾಡಿಕೊಡುತ್ತೇನೆ ಎಂದ.

"ಬೇಡಪ್ಪ," ಎಂದರು ಮಾಸ್ಟರು. "ಮನುಷ್ಯರ ಮೈಗೆ ಹೊಲಿಯೋನು ನಾನು. ಮೈ ಅಂದ್ರೆ ಅಲ್ಲಾಡುತ್ತೆ, ಉಸಿರಾಡುತ್ತೆ, ಊಟ ಮಾಡಿ ಊಟ ಮಾಡಿ ಊದಿಕೊಳ್ಳುತ್ತೆ. ಹಲಗೆ ಏನ್ ಮಾಡುತ್ತೆ, ಸುಮ್ನೆ ಬಿದ್ದಿರುತ್ತೆ. ಅದನ್ನ ಹೊಲಿಯೋದೇನು ಮಹಾ."

ಊದಿಕೊಳ್ಳುವ ಮಾತು ಬಂದಾಗ ಅವರು ನೋಡಿದ್ದು ಬಾಮೈದನ ಹೊಟ್ಟೆಯನ್ನು. ಬಾಮೈದ ಕಾಂಪೌಂಡ್ ಗೋಡೆಯ ಮೇಲೆ ಹತ್ತಿ ಕೂತ. ಬಿಡುವಿದ್ದಾಗಲೆಲ್ಲ ಬಂದು ಅಲ್ಲೇ ಕೂರುತ್ತಿದ್ದ.

ಹಲಗೆಗಳು ಬಂದು ಹಿತ್ತಲಲ್ಲಿ ಬಿದ್ದವು, ಬಿದ್ದೇ ಇದ್ದವು. ಯಜಮಾನಿ ದಿನಾ ಬೆಳಿಗ್ಗೆ ಆಯ್ತಾ ಎಂದು ಕೇಳುವರು, ಮಾಸ್ಟರು ಬರುವ ಶುಕ್ರವಾರ ಎನ್ನುವರು. ಗಿರಾಕಿಗಳ ಸಂಕಟ ಏನೆಂದು ಆಕೆಗೆ ಅರ್ಥವಾದದ್ದು ಆಗಲೇ. ಅವರಿಗೆ ತಾನು ಇಷ್ಟು ದಿನ ಕೊಟ್ಟ ಕಾಫಿ ಏನೇನೂ ಸಾಲದು ಎಂದು ಆಕೆಗೆ ಅನಿಸಿತು. ಕೊನೆಗೆ ಮಗಳು ಫೋನು ಮಾಡಿ, ಟಿಕೆಟ್ ಆಯಿತು, ಮುಂದಿನ ವಾರ ಹೊರಡುತ್ತೇವೆ ಎಂದಾಗ ಮಾಸ್ಟರು ಕೊರಳಿಗೆ ಟೇಪು ಹಾಕಿಕೊಂಡು, ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಹಿತ್ತಲಿಗೆ ಇಳಿದರು.

ಮೊದಲು ಅಳತೆ. ಅವರು ಅಳೆದದ್ದು ಹಿತ್ತಲನ್ನಲ್ಲ, ತಮ್ಮನ್ನು. ನಿಂತು, ಕೂತು, ಎರಡೂ ತೋಳು ಚಾಚಿ, ಕತ್ತು ಎತ್ತಿ, ಹೆಂಡತಿಯ ಕೈಯಲ್ಲಿ ಟೇಪು ಹಿಡಿಸಿ ಅಳತೆ ಬರೆಸಿಕೊಂಡರು. ಮುಖ ಆಚೆ ಹಾಕಲು ಎಷ್ಟು ಬೇಕೋ ಅಷ್ಟಕ್ಕೆ ಕಿಟಕಿ, ಸುತ್ತಲೂ ಒಂದು ಬೆರಳು ಸಡಿಲ. ಹಲಗೆಯನ್ನೆಲ್ಲ ಮಡಿಕೆಗೆಂದು ಅರ್ಧ ಇಂಚು ಬಿಟ್ಟೇ ಕುಯ್ದರು. ಹಲಗೆ ಮಡಿಯುವುದಿಲ್ಲ ಭಾವ ಎಂದು ಗೋಡೆಯ ಮೇಲಿಂದ ಸಣ್ಣ ದನಿಯಲ್ಲಿ ಸೂಚನೆ ಬಂತು. ಮುಂದೆ ಬೇಕಾದರೆ ದೊಡ್ಡದು ಮಾಡಬಹುದಲ್ಲ ಎಂದು ಮಾಸ್ಟರು ಉತ್ತರ ಕೊಟ್ಟರು. ಬಾಮೈದ ಅದಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡ.

ಕೆಲಸ ಮಾತ್ರ ಅಚ್ಚುಕಟ್ಟು. ಒಂದೊಂದು ಗೋಡೆಯನ್ನೂ ನೆಲದ ಮೇಲೆ ಮಲಗಿಸಿ, ಹಲಗೆಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿ, ಅಡ್ಡಪಟ್ಟಿಗಳ ಮೇಲೆ ಮೊಳೆ ಹೊಡೆದರು. ಮೊಳೆಗಳ ಸಾಲು ದಾರದ ಹೊಲಿಗೆಯಷ್ಟೇ ನೇರವಾಗಿತ್ತು. ನಾಲ್ಕು ಜನ ನೋಡುವ ಹೊರಮೈಗೆ ಉಜ್ಜು ಕಾಗದ ತಿಕ್ಕಿ, ಯಜಮಾನಿ ಆರಿಸಿದ ಎಲೆಹಸಿರು ಬಣ್ಣ ಬಳಿದರು. ಅಡ್ಡಪಟ್ಟಿಗಳೂ ಮೊಳೆಗಳ ಮೊನೆಯೂ ಇದ್ದ ಒಳಮೈಯನ್ನು ಹಾಗೇ ಬಿಟ್ಟರು. ಬಾಗಿಲ ಒಳಮೈಗೆ ತಮ್ಮ ಕೈಯಾರೆ ಆ ಚಿಲಕ ಜೋಡಿಸಿ, ಎಳೆದು, ತಳ್ಳಿ, ಮತ್ತೆ ಎಳೆದು ನೋಡಿ ಬಹಳ ಖುಷಿಪಟ್ಟರು.

ಇನ್ನು ಗೋಡೆಗಳನ್ನು ನಿಲ್ಲಿಸಿ ಕೂಡಿಸುವುದು. ಇಲ್ಲಿ ಒಂದು ವಿಷಯ ಹೇಳಬೇಕು. ಯಾವ ಉಡುಪನ್ನೇ ಆಗಲಿ ದರ್ಜಿ ಒಳಗುಹೊರಗು ಮಾಡಿಯೇ ಹೊಲಿಯುತ್ತಾನೆ. ಹೊರಗೆ ಕಾಣಬೇಕಾದ ಒಳ್ಳೇ ಮೈಗೆ ಒಳ್ಳೇ ಮೈ ಎದುರುಬದುರು ಇಟ್ಟು, ಹಿಂದಿನಿಂದ ಹೊಲಿಗೆ ಹಾಕಿ, ಎಲ್ಲ ಮುಗಿದ ಮೇಲೆ ತಿರುವಿ ಹಾಕುತ್ತಾನೆ. ಮಾಸ್ಟರ ಕೈ ಜೀವಮಾನವಿಡೀ ಇದನ್ನೇ ಮಾಡಿತ್ತು. ಈಗಲೂ ಅದು ಯಾರನ್ನೂ ಕೇಳಲಿಲ್ಲ. ಹಸಿರು ಮೈಗೆ ಹಸಿರು ಮೈ ಎದುರಾಗಿ ಗೋಡೆಗಳು ನಿಂತವು, ಮೂಲೆಗಳಿಗೆ ಮೊಳೆ ಬಿತ್ತು, ಬಾಗಿಲು ಕೂತಿತು. ಗೋಡೆಯ ಮೇಲೆ ಬಾಮೈದ ಉಸಿರು ಬಿಗಿಹಿಡಿದುಕೊಂಡು ನೋಡುತ್ತಿದ್ದ.

ಕೊನೆಯ ಮೊಳೆ ಹೊಡೆದಾದ ಮೇಲೆ ಮಾಸ್ಟರು ಸುತ್ತಿಗೆ ಕೆಳಗಿಟ್ಟು, ಬಾಗಿಲಿನಿಂದ ಒಳಗೆ ಬಗ್ಗಿ, ಎದುರಿನ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕಡೆಗೆ ಎಳೆದರು. ಅದು ಬರಲಿಲ್ಲ. ಕಾಲು ಊರಿ ಇನ್ನೊಮ್ಮೆ ಎಳೆದರು. ಕಾಫಿ ತಂದ ಯಜಮಾನಿ ಸ್ವಲ್ಪ ಹೊತ್ತು ನಿಂತು ನೋಡಿದರು.

"ಏನ್ರೀ ಮಾಡ್ತಿದೀರಿ?"

"ತಿರುವಿ ಹಾಕ್ತಿದೀನಿ," ಎಂದರು ಮಾಸ್ಟರು.

ಹಾಗೆಂದ ಮೇಲೆ ಆ ಮಾತು ಅವರ ಕಿವಿಗೂ ಬಿತ್ತು. ಅವರು ಮೂಲೆಯನ್ನು ಬಿಟ್ಟು, ಹೊರಗೆ ಬಂದು, ಹುಲ್ಲಿನ ಮೇಲೆ ಕೂತು ಕಾಫಿ ಕುಡಿದರು. ಬಾಮೈದ ಗೋಡೆಯ ಆ ಕಡೆಗೆ ಇಳಿದುಬಿಟ್ಟಿದ್ದ. ಆ ಕಡೆಯಿಂದ ಬಹಳ ಹೊತ್ತು ಕೆಮ್ಮುವಂಥ ಒಂದು ಸದ್ದು ಬರುತ್ತಿತ್ತು.

ಮೇಲೆ ತಗಡು ಹೊದಿಸಿದಾಗ ಶೆಡ್ಡು ಮುಗಿಯಿತು. ಒಳಗೆ ಕಾಲಿಟ್ಟರೆ ಹಸಿರು ಗೋಡೆ, ನುಣುಪು, ಒಂದು ಮೊಳೆಯ ಮೊನೆಯೂ ಕಾಣದು. ಹೊರಗಿನಿಂದ ನೋಡಿದರೆ ಮುಳ್ಳುಹಂದಿ. ಚಿಲಕ ಕೂಡ ಹೊರಗೇ ಉಳಿಯಿತು. ಬಾಮೈದನಿಗೆ ಅಯ್ಯೋ ಅನಿಸಿತು. ಸ್ಕ್ರೂಡ್ರೈವರ್ ಹಿಡಿದು ಬಂದು, ನಾಲ್ಕು ಸ್ಕ್ರೂ ಬಿಚ್ಚಿದರೆ ಆಯಿತು, ಚಿಲಕವನ್ನು ಈಗಲೇ ಒಳಗೆ ಹಾಕಿಕೊಡುತ್ತೇನೆ ಎಂದ. ತಾವು ಮಾಡಿದ ಕೆಲಸಕ್ಕೆ ಇನ್ನೊಬ್ಬರು ಆಲ್ಟ್ರೇಶನ್ ಮಾಡುವುದನ್ನು ಮಾಸ್ಟರು ಎಂದೂ ಸಹಿಸಿದವರಲ್ಲ.

"ಬೇಡ. ನಾನೇ ಮಾಡ್ಕೋತೀನಿ," ಎಂದರು. "ಬರೋ ಶುಕ್ರವಾರ."

ಆ ಸಂಜೆ ಎಲ್ಲ ಸಾಮಾನೂ ಶೆಡ್ಡಿಗೆ ಹೋಯಿತು. ಯಜಮಾನಿ ಊಟದ ಮೇಜನ್ನು ಒರೆಸಿ, ಕುರ್ಚಿ ಎಳೆದುಕೊಂಡು ಕೂತು, ಎರಡೂ ಅಂಗೈಗಳನ್ನು ಅದರ ಮೇಲೆ ಹರಡಿದರು. ಆಕೆಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಮರುದಿನ ಬೆಳಿಗ್ಗೆ ಮಾಸ್ಟರು ಶೆಡ್ಡಿಗೆ ಹೋಗಿ, ಗಂಟುಗಳನ್ನು ಸಮ ಮಾಡಿ, ಅವುಗಳ ಮೇಲೆ ಮೈಚಾಚಿ ಕಣ್ಣು ಮುಚ್ಚಿದರು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಗಂಡನ ಕೆಲಸದ ಮೊದಲ ದಿನವಲ್ಲವೇ ಎಂದು ಯಜಮಾನಿ ಕಾಫಿ ತಂದವರು ಕಿಟಕಿಯಲ್ಲಿ ಇಣುಕಿ ಈ ದೃಶ್ಯ ನೋಡಿದರು. ಆಮೇಲೆ ಅವರ ಕಣ್ಣು ಚಿಲಕದ ಮೇಲೆ ಬಿತ್ತು. ಹೊಸ ಚಿಲಕ, ಸಲೀಸಾಗಿ ಜಾರಿತು. ಟಕ್ ಎಂಬ ಸದ್ದಿಗೆ ಮಾಸ್ಟರು ಎದ್ದು ಕೂತರು.

"ಯಾಕೆ ಚಿಲಕ ಹಾಕಿದೆ?"

"ಹೊರಗಿತ್ತು, ಹಾಕಿದೆ. ಒಳಗಿದ್ದಿದ್ರೆ ನೀವು ಹಾಕ್ಕೋತಿದ್ರಿ."

"ತೆಗಿಯೇ."

"ಪರದೆ ಆಯ್ತಾ?"

"ಬರೋ ಶುಕ್ರವಾರ..."

"ಹಾಗಾದ್ರೆ ಶುಕ್ರವಾರ ತೆಗೀತೀನಿ," ಎಂದರು ಯಜಮಾನಿ. ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟು ಹೊರಟುಹೋದರು.

ಮಾಸ್ಟರು ಕಿಟಕಿಯಲ್ಲಿ ತಲೆ ತೂರಿಸಿ ನೋಡಿದರು. ತಲೆ ಸರಿಯಾಗಿ ಬಂತು, ಸುತ್ತಲೂ ಒಂದು ಬೆರಳು ಸಡಿಲ. ಹೆಗಲು ಬರಲಿಲ್ಲ. ಅಳತೆಯಲ್ಲಿ ಅವರು ಎಂದೂ ತಪ್ಪಿದವರಲ್ಲ. ಕೂತರು, ಎದ್ದರು, ಗೊಂಬೆಯನ್ನು ಸರಿಸಿದರು. ಇನ್ನೇನೂ ಮಾಡಲು ತೋಚದೆ ಮೆಷಿನ್ನಿನ ಮುಂದೆ ಕೂತರು. ಮಧ್ಯಾಹ್ನದ ಊಟದ ಡಬ್ಬಿ ಬರುವ ಮೊದಲೇ ಪರದೆ ಕಿಟಕಿಯಿಂದ ಹೊರಗೆ ಬಂದಿತ್ತು. ಯಜಮಾನಿ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸಿದರು. ತುಂಬಾ ಚೆನ್ನಾಗಿತ್ತು. ಇಷ್ಟು ವರ್ಷ ಈ ಮನುಷ್ಯನಿಗೆ ಪುರುಸೊತ್ತಿಲ್ಲ ಅಂದುಕೊಂಡಿದ್ದೆನಲ್ಲ, ಇವರಿಗೆ ಬೇಕಾಗಿದ್ದದ್ದು ಒಂದು ಚಿಲಕ ಎಂದು ಆಕೆ ಬಾಗಿಲು ತೆಗೆಯುತ್ತ ಗಟ್ಟಿಯಾಗಿಯೇ ಹೇಳಿದರು.

ಮರುದಿನವೂ ಚಿಲಕ ಬಿತ್ತು. ಅದರ ಮರುದಿನವೂ. ಒಂದು ಉಡುಪು ಹೊರಗೆ ಬಂದರೆ ಕಾಫಿ, ಎರಡು ಬಂದರೆ ಬಿಡುಗಡೆ. ಸುದ್ದಿ ಹಬ್ಬಿ ಗಿರಾಕಿಗಳು ಬಂದು ಹಿತ್ತಲಲ್ಲಿ ಸಾಲು ನಿಂತರು. ಕಾಯುತ್ತ ಗೋಡೆಗೆ ಒರಗಿದವರ ಬಟ್ಟೆ ಮೊಳೆಗೆ ಸಿಕ್ಕಿ ಹರಿದು, ಅದನ್ನೂ ಅಲ್ಲೇ ಬಿಚ್ಚಿಕೊಟ್ಟು ಹೋಗುತ್ತಿದ್ದರಿಂದ ಕೆಲಸಕ್ಕೆ ಕೊರತೆಯಾಗಲಿಲ್ಲ. ಸಂಜೆ ಹೊರಗೆ ಬಂದ ಮಾಸ್ಟರು ದಿನಾ ಸ್ಕ್ರೂಡ್ರೈವರ್ ಹಿಡಿದು ಚಿಲಕದ ಮುಂದೆ ನಿಲ್ಲುತ್ತಿದ್ದರು. ಸುಸ್ತಾಗಿರುತ್ತಿತ್ತು, ಮೇಜಿನ ಮೇಲೆ ಊಟ ಬಡಿಸಿರುತ್ತಿತ್ತು. ಶುಕ್ರವಾರ ನೋಡಿದರಾಯಿತು ಎಂದು ಒಳಗೆ ಹೋಗುತ್ತಿದ್ದರು.

ರಜಕ್ಕೆ ಬಂದ ಮೊಮ್ಮಗಳು ಕಿಟಕಿಯಲ್ಲಿ ತಾತನ ಮುಖ ನೋಡಿ, ತಾತ ಏನು ತಪ್ಪು ಮಾಡಿದ್ದಾರೆ ಎಂದು ಕೇಳಿದಳು. ಏನೂ ಮಾಡಿರಲಿಲ್ಲ ಪುಟ್ಟಿ, ಈಗ ಮಾಡ್ತಿದಾರೆ ಎಂದರು ಅಜ್ಜಿ.

ಅದೇ ವಾರ ಬಾಮೈದ ಅಕ್ಕನ ಮಗಳನ್ನು ನೋಡಲು ಬಂದ. ತನ್ನ ಮದುವೆಯ ಕೋಟು ತೊಟ್ಟಿದ್ದ. ಯಜಮಾನಿ ಕಿಟಕಿಯೊಳಗೆ ಹಾಕಿದ ಆ ಕೋಟನ್ನು ಮಾಸ್ಟರು ಒಂದೇ ಬೆಳಿಗ್ಗೆಯಲ್ಲಿ ಬಿಚ್ಚಿ ಹಿಗ್ಗಿಸಿಕೊಟ್ಟಿದ್ದರು. ಎಲ್ಲ ಗುಂಡಿಗಳೂ ಸೇರಿದ್ದವು. ಕಿಟಕಿಯಿಂದ ಭಾವನ ತಲೆ ಹೊರಗೆ ಬಂತು. ಅವರು ಯಾರ ಮುಂದೆಯೂ ಇಷ್ಟು ಮೆತ್ತಗೆ ಮಾತಾಡಿದವರಲ್ಲ.

"ನಾಲ್ಕೇ ಸ್ಕ್ರೂ ಅಂದಿದ್ದೆಯಲ್ಲಪ್ಪ. ಈ ಚಿಲಕ ಒಂದು ಒಳಗಡೆ ಹಾಕಿಕೊಟ್ಟುಬಿಡು. ನಿನ್ನ ಕೈಕೆಲಸದ ಮೇಲೆ ನನಗೆ ಬಹಳ ಗೌರವ."

ಬಾಮೈದ ಹತ್ತಿರ ಬಂದ. ಮೊಳೆ ತಾಗದಂತೆ ಕೋಟನ್ನು ಹಿಂದೆ ಹಿಡಿದುಕೊಂಡು, ಬಗ್ಗಿ, ಚಿಲಕವನ್ನು ಎಳೆದು ನೋಡಿದ, ತಳ್ಳಿ ನೋಡಿದ, ಕರ್ಚೀಫಿನಿಂದ ಅದರ ಹಿತ್ತಾಳೆಯನ್ನು ಒರೆಸಿದ. ಆಮೇಲೆ ನೆಟ್ಟಗೆ ನಿಂತು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ.

"ಅದಕ್ಕೇನಂತೆ ಭಾವ, ಮಾಡೋಣ," ಎಂದ. "ಬರೋ ಶುಕ್ರವಾರ."

ಊಟದ ಮೇಜಿನ ಕಡೆಯಿಂದ ನಗು ಕೇಳುತ್ತಿತ್ತು. ಅವನು ಆ ಕಡೆ ಹೊರಟ. ಇನ್ನೇನು ಮೆಟ್ಟಿಲು ಹತ್ತಬೇಕು, ಅಷ್ಟರಲ್ಲಿ ಹಿಂದಿನಿಂದ ಮಾಸ್ಟರ ದನಿ ಬಂತು. ತಡೆದುಕೊಳ್ಳಬೇಕೆಂದು ಅವರು ಬಹಳ ಪ್ರಯತ್ನಪಟ್ಟಿದ್ದರು.

"ಯಾವ ಶುಕ್ರವಾರ?"