ಜೀವ ಇದ್ದವರ ಅಳತಿಗಿ ಬಿದಿರು

ಬಿದಿರಿನ ಅಂಗಡಿ ಇಟ್ಟವನ ಹಣೇಬರದಾಗ ನಗೂದು, ಅಂಜೂದು ಎರಡೂ ಒಂದೇ ದಿನ ಬರ್ತಾವ ನೋಡ್ರಿ. ಜಹೀರಾಬಾದಿನಾಗ ನಮ್ಮ ಅಂಗಡಿ ಅದ. ಬುಟ್ಟಿ, ನಿಚ್ಚಣಿಕಿ, ಮದಿವಿ ಹಂದರ ಎಲ್ಲಾ ಮಾಡ್ತೀನಿ. ಆದ್ರ ಮನಷ್ಯಾರ ಉದ್ದ ಹೇಳಿ ಬಿದಿರು ಕೇಳವರು ಚಟ್ಟಕ್ಕಷ್ಟೇ ಬರ್ತಾರ. ಮೂವತ್ತು ವರ್ಷ ಆತು, ನಾ ಕಟ್ಟಿದ ಚಟ್ಟದ ಮ್ಯಾಲ ಮಲಗಿದವರು ಒಬ್ಬರಾದ್ರೂ ಎದ್ದು ಬಂದು "ಇಲ್ಲಿ ಚುಚ್ಚತದ" ಅಂತ ತಕರಾರು ಮಾಡಿಲ್ಲ.

೧. ಯಾರ ಅಳತಿ?

ಒಂದು ಮಧ್ಯಾಹ್ನ ತಾಂಡೂರಿಂದ ಗಂಡ-ಹೆಂಡತಿ ಬಂದ್ರು. ಆತ ಸಿಮೆಂಟ್ ಫ್ಯಾಕ್ಟರಿ ಆಫೀಸಿನಾಗ ಕ್ಲರ್ಕು, ಆಕಿ ಸಾಲಿ ಟೀಚರು. ಬಿದಿರು ತಾಂಡೂರಿನಾಗೂ ಸಿಗ್ತದ, ಇಷ್ಟು ದೂರ ಯಾಕ ಬಂದ್ರಪಾ ಅನಿಸ್ತು. ಇಬ್ಬರೂ ತಲಿ ಕೆಳಗ ಹಾಕಿದ್ರು, ದನಿ ಸಣ್ಣದಿತ್ತು. ನನ್ನ ಗಿರಾಕಿಗೋಳು ಹೆಚ್ಚಾಗಿ ಹಂಗೇ ಬರ್ತಾರ.

"ಗಟ್ಟಿ ಬಿದಿರಿನ ಚೌಕಟ್ಟು ಬೇಕಿತ್ರಿ ಕಾಕಾ," ಅಂದ್ಲು ಆಕಿ.

"ಎತ್ತರ ಎಷ್ಟವ್ವಾ?"

"ಐದಡಿ ಮೂರಿಂಚು. ತೂಕ ಐವತ್ತೆಂಟು ಕಿಲೋ."

ನಾ ಟೋಪಗಿ ತೆಗೆದು ಎದಿಗಿ ಹಿಡಿದೆ. "ಪಾಪ, ಯಾವಾಗ ತೀರಿಕೊಂಡ್ರವ್ವಾ?"

"ಇನ್ನಾ ಇಲ್ರಿ," ಅಂದ್ಲು. "ನಂದೇ ಅಳತಿ ಅದು."

೨. ನಮ್ಮಾಕಿಯ ಪಂಚಾಯ್ತಿ

ಆಮ್ಯಾಲ ಆಕೀನೇ ಬಿಡಿಸಿ ಹೇಳಿದ್ಲು. ಆತ ಹಗ್ಗದಿಂದ ಚೌಕಟ್ಟಿಗಿ ಕಟ್ತಾನ, ಆಕಿ ಕಟ್ಟಿಸಿಕೊಳ್ತಾಳ, ಇಬ್ಬರಿಗೂ ಅದ್ರಾಗ ಖುಷಿ. ಗಂಡ-ಹೆಂಡಿರ ಮನಿಯೊಳಗಿನ ಮಾತು, ತಾಂಡೂರಿನಾಗ ಹೇಳಿದ್ರ ಸಂಜಿಯೊಳಗ ಊರೆಲ್ಲಾ ಹಬ್ಬತದ. ನಾ ಕೈಯಾಗಿನ ಹಗ್ಗ ಕೆಳಗಿಟ್ಟೆ. ನಾ ಹಗ್ಗ ಕಟ್ಟಿ ಕಳಿಸಿದವರೆಲ್ಲಾ ಎಲ್ಲಿ ಹೋಗ್ಯಾರ ಅಂತ ನನಗ ಗೊತ್ತಲ್ರಿ.

ನಮ್ಮಾಕಿ ಮೂಲ್ಯಾಗ ಬಿದಿರು ಸೀಳ್ತಿದ್ಲು. ತಲಿ ಎತ್ತಲಾರದೇ ಕೇಳಿದ್ಲು, "ನಿನಗ ಮನಸ್ಸದ ಏನವ್ವಾ?"

"ನಾನೇ ಕೇಳಿದ್ದು ಕಾಕೂ."

"ಬ್ಯಾಡ ಅಂದ್ರ ಬಿಚ್ಚತಾನೇನು?"

"ಒಂದು ಮಾತಿಗಿ ಬಿಚ್ಚತಾರ. ಕುತ್ತಿಗಿಗಿ ಹಗ್ಗ ಮುಟ್ಟಸಾಂಗಿಲ್ಲ. ಕಾಲು ನೆಲಾ ಬಿಡಾಂಗಿಲ್ಲ. ಬೆರಳು ತಣ್ಣಗಾದ್ರ, ಜೋಮು ಹಿಡಿದ್ರ ಆಗಿಂದಾಗ ಬಿಚ್ಚೂದು. ಕತ್ತರಿ ಕೈಯಳತಿನಾಗ. ಕಟ್ಟಿದವರನ್ನ ಒಬ್ಬರನ್ನೇ ಬಿಟ್ಟು ಹೋಗಾಂಗಿಲ್ಲ."

ನಮ್ಮಾಕಿ ಕತ್ತಿ ಕೆಳಗಿಟ್ಟು ನನ್ನ ಕಡಿ ನೋಡಿದ್ಲು. "ಲಗ್ನದಾಗ ನಮಗ ಇಷ್ಟು ಕೇಳವರು ಯಾರಿದ್ರು? ಕಟ್ಟಿ ಕೊಡು."

೩. ಕೈಗಿ ಹಿಡಿದ ಚಟ

ನನಗ ಒಂದೇ ಅಂಜಿಕಿ ಹೊಕ್ಕಿತು. ನನ್ನ ಬಿದಿರು ಮುರಿದು ಆ ಹುಡುಗಿಗಿ ಏನರ ಆದ್ರ, ಅದೇ ಅಳತಿಗಿ ಇನ್ನೊಂದು ಕಟ್ಟಬೇಕಾಗ್ತದ, ಅದೂ ನಾನೇ. ಹಂಗಾಗಿ ಸೀಳು ಇಲ್ಲದ, ದಪ್ಪ ಮೈಯ ಒಣ ಬಿದಿರು ಆರಿಸಿದೆ. ಎರಡೂ ಕಡಿ ಮೂರು ಮೂರು ಕಾಲು, ಮ್ಯಾಲೊಂದು ಅಡ್ಡ ಬಿದಿರು ಅಂತ ನೆಲದ ಮ್ಯಾಲ ಗೀಚಿಕೊಂಡು ಕುಂತೆ.

ಕೈ ತನ್ನ ಪಾಡಿಗಿ ತಾ ನಡೀತಿತ್ತು. ಹಿತ್ತಲದಾಗ ಹಕ್ಕಿ ದನೀನೂ ಇರಲಿಲ್ಲ. ಊಟಕ್ಕ ಕರಿಯಾಕ ಬಂದ ನಮ್ಮಾಕಿ ಅಲ್ಲೇ ನಿಂತುಬಿಟ್ಟಳು.

"ಇದು ಯಾರ್ದು?"

ಬಗ್ಗಿ ನೋಡ್ತೀನಿ, ಎರಡು ಉದ್ದ ಬಿದಿರು, ನಡುವ ಸಾಲಾಗಿ ಅಡ್ಡಪಟ್ಟಿ. ಆ ಹುಡುಗಿ ಅಳತಿಗಿ ಛಲೋ ಚಟ್ಟ ತಯಾರಾಗಿತ್ತು! ಕಟ್ಟಿದ ಚಟ್ಟ ಖಾಲಿ ಇಡಬಾರದು ಅಂತ ನಮ್ಮವರ ಅಂಜಿಕಿ. ಗಡಬಡಿಸಿ ಬಿಚ್ಚಿದೆ. ನಮ್ಮಾಕಿ ಆ ಬಿದಿರು ಮುಟ್ಟಗೊಡಲಿಲ್ಲ, ಒಲಿಗಿ ಹಾಕಿದ್ಲು. ಅವತ್ತ ಅದೇ ಬೆಂಕಿ ಮ್ಯಾಲ ಮಾಡಿದ ಝುಣಕಾ ನಾ ಮಾತ್ರ ಉಣ್ಣಲಿಲ್ಲ, ಆಕಿ ಎರಡು ಸಲ ಹಾಕ್ಕೊಂಡು ಉಂಡಳು.

೪. ಬಿಳಿ ಬಟ್ಟಿಯೊಳಗ

ಚೌಕಟ್ಟು ಸರಿಯಾಗಿ ಕಟ್ಟಿ ಹಿತ್ತಲದಾಗ ನಿಲ್ಲಿಸಿದೆ. ಆ ಹುಡುಗಿ ತೂಕದ ಮೂರು ಪಟ್ಟು ತಡಿಬೇಕಂತ ತೊಗರಿ ಚೀಲಗೋಳನ್ನ ಒಂದೇ ಗಂಟು ಮಾಡಿ ಹೊಸಾ ಹಗ್ಗದಿಂದ ಅಡ್ಡ ಬಿದಿರಿಗಿ ತೂಗಿಬಿಟ್ಟೆ. ಗುಬ್ಬಿ ಕಾಟ ಅಂತ ನನ್ನ ಹಳೀ ಧೋತರ ಸುತ್ತಿದೆ. ಮೂರು ದಿನ ಹಂಗೇ ಇರಲಿ ಅಂತ ಬಿಟ್ಟೆ.

ಎಲಿ ಅಲ್ಲಾಡದ ಮಧ್ಯಾಹ್ನ. ಬಿದಿರು ಒಮ್ಮೆ ಟಕ್ ಅಂತು. ಬಿಳಿ ಬಟ್ಟಿಯೊಳಗಿನ ಗಂಟು ಮೆಲ್ಲಕ ತಿರುಗಿ ನಮ್ಮ ಬಾಗಲದ ಕಡಿ ಮಾರಿ ಮಾಡಿ ನಿಂತಿತು. ಹೊಸಾ ಹಗ್ಗದ ಹುರಿ ಸಡಲಾದ್ರ ಹಂಗಾಗ್ತದ, ಗೊತ್ತದ. ಆದ್ರೂ ನಾ ಒಳಗ ಹೋಗಿ ಚಿಲಕ ಹಾಕ್ಕೊಂಡೆ.

ಅಷ್ಟರಾಗ ಬಾಜೂ ಮನಿ ಮುದುಕಿ ಗ್ವಾಡಿ ಮ್ಯಾಲಿಂದ ನೋಡಿ, ಹೂವು ಹಿಡಕೊಂಡು ಬಂದೇಬಿಟ್ಟಳು. "ಒಂದ್ಸಲ ಮಾರಿ ತೋರಸ್ರಿ, ನೋಡಿ ಹೋಗ್ತೀನಿ."

ನಮ್ಮಾಕಿ ಧೋತರ ಸರಿಸಿದ್ಲು. ಮುದುಕಿಗಿ ಕಣ್ಣು ಮಂಜು. ಚೀಲಕ್ಕ ಕೈ ಮುಗಿದು ಅಂದ್ಲು, "ಪಾಪ, ಗುರ್ತಾ ಸಿಗದಂಗ ಊದ್ಯಾನ!"

೫. ಮೊದಲ ನನ್ನ ಕಟ್ಟು

ಮೂರು ದಿನ ಆದ್ರೂ ಜಗ್ಗದ ಚೌಕಟ್ಟು ಬಿಚ್ಚಿ ಟೆಂಪೋದಾಗ ಹಾಕ್ಕೊಂಡು ನಾನೂ ನಮ್ಮಾಕೀನೂ ತಾಂಡೂರಿಗಿ ಹೋದಿವಿ. ಅವರ ಮನಿಯೊಳಗ ಮತ್ತ ಕಟ್ಟಿ ನಿಲ್ಲಿಸಿದೆ. ಚೀಲಾ ಚೀಲಾನೇ, ಜೀವಾ ಜೀವಾನೇ. ನನಗ ಸಮಾಧಾನ ಆಗಲಿಲ್ಲ.

"ಮೊದಲ ನನ್ನ ಕಟ್ಟು," ಅಂದೆ. "ನಾ ತಡಕೊಂಡ್ರ ಈ ಹುಡುಗೀನೂ ತಡಕೊಳ್ತಾಳ. ಇಲ್ಲಾ, ವಾಪಸ್ ಒಯ್ತೀನಿ."

"ನಿಮಗ ಖರೇನೇ ಒಪ್ಪಿಗಿ ಅದೇನ್ರಿ ಕಾಕಾ?" ಅಂತ ಆತ ಮೂರು ಸಲ ಕೇಳಿದ. ಅಂಗಿ ಮ್ಯಾಲೇ ಎದಿಗಿ, ತೋಳಿಗಿ ಹಗ್ಗ ಸುತ್ತಿದ. ಆ ಹುಡುಗಿ ನನ್ನ ಕೈಯಾಗ ಸ್ಟೀಲಿನ ಚಮಚಾ ಕೊಟ್ಟಳು. "ಸಾಕು ಅನ್ನಾಕ ಬಾಯಿ ಬರದಿದ್ರ ಇದನ್ನ ಕೆಳಗ ಬಿಡ್ರಿ, ಬಿಚ್ಚತೀವಿ."

ಕಣ್ಣು ಮುಚ್ಚಿದೆ. ಬಿದಿರು ಬೆನ್ನಿಗಿ ತಣ್ಣಗ ಹತ್ತಿತು. ಊರಿನ ಸಪ್ಪಳ ದೂರ ದೂರ ಹೋತು. ಮೂವತ್ತು ವರ್ಷದಾಗ ಕಟ್ಟಿ ಕಳಿಸಿದವರೆಲ್ಲಾ ಬಂದು ಸುತ್ತ ನಿಂತಂಗಾತು. ಆಗ ಕಿವಿ ಹತ್ರ ಒಂದು ಹೆಣ್ಣು ದನಿ ಅಳಾಕ ಹತ್ತಿತು:

"ಎಂಥಾ ಕೈ ಇತ್ತೋ ನಿಂದು, ಒಂದು ಬುಟ್ಟಿ ಸಡಲ ಹೆಣೆದವನಲ್ಲೋ... ನನ್ನ ಬಾಣಂತನದಾಗ ನೀನೇ ರೊಟ್ಟಿ ಬಡದಿಯಲ್ಲೋ..."

ಸತ್ತೆ ಅನ್ಕೊಂಡೆ. ಖರೇನೇ ಸತ್ತೆ ಅನ್ಕೊಂಡೆ. "ಸಾಕು" ಅನ್ನಾಕ ಬಾಯಿ ಒಣಗಿತ್ತು. ಚಮಚಾ ಬಿಟ್ಟೆ.

ಕಲ್ಲಿನ ನೆಲದ ಮ್ಯಾಲ ಚಮಚಾ ಸಪ್ಪಳ ನಿಲ್ಲೂದರೊಳಗ ಹಗ್ಗ ಕೆಳಗ ಬಿದ್ದಿತ್ತು, ಆ ಹುಡುಗಿ ನನ್ನ ಅಂಗೈ ತಿಕ್ಕತಿದ್ಲು. ಚೌಕಟ್ಟು ಕೂದಲೆಳಿಯಷ್ಟೂ ಅಲ್ಲಾಡಿರಲಿಲ್ಲ. ಈಕಿಗಿ ಏನೂ ಆಗಾಂಗಿಲ್ಲ ಅಂತ ಖಾತ್ರಿ ಆತು, ನನಗ ಅಳೂನೇ ಬಂತು.

ತಿರುಗಿ ನೋಡಿದ್ರ ನಮ್ಮಾಕಿ, ಸೆರಗಿನಿಂದ ಕಣ್ಣು ಒರಸ್ತಾ ನಿಂತಾಳ!

"ಜೀವ ಇದ್ದವನ ಮುಂದ ಹಂಗ ಹಾಡಿಕೊಂಡು ಅಳ್ತಾರೇನ?" ಅಂದೆ.

"ಸತ್ತ ಮ್ಯಾಲ ಹೇಳಿದ್ರ ನಿನಗ ಕೇಳಸ್ತದೇನು? ಇನ್ನಾ ಅರ್ಧಾ ಹೊಗಳೂದು ಬಾಕಿ ಇತ್ತು," ಅಂತ ನನ್ನ ಮ್ಯಾಲೇ ಸಿಟ್ಟಾದ್ಲು. "ಚಮಚಾ ಯಾಕ ಬಿಟ್ಟಿ?"