ಡಬ್ಬಿಗೆ ನಿದ್ದೆ ಕಲಿಸಿದ್ದು

ಹೊಲಕ್ಕೆ ಹೋಗಿ ನಗೆಪಾಟಲಾಗದೆ ಬಳ್ಳಾರಿಗೆ ವಾಪಸ್ ಬಂದ ದಿನವೇ ನನಗೆ ನೆನಪಿಲ್ಲ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ನೆಲದ ತೇವ ಅಳೆದು ಫೋನಿಗೆ ತಿಳಿಸುವ ಸೆನ್ಸರ್ ಡಬ್ಬಿಗಳನ್ನು ಹೊಲಗಳಲ್ಲಿ ನೆಡುತ್ತೇನೆ. ತಂತಿಯಿಲ್ಲ, ಕರೆಂಟಿಲ್ಲ, ಒಳಗೆ ಎರಡೇ ಸೆಲ್ಲು. ಸಿರುಗುಪ್ಪದ ರೈತರೊಬ್ಬರ ಗದ್ದೆಯಲ್ಲಿ ಅವು ಹಿಂದಿನ ಎರಡು ಬೆಳೆಯಲ್ಲೂ ಕೊಯ್ಲಿಗೆ ಮೊದಲೇ ಸೆಲ್ ಮುಗಿದು ಕೈಕೊಟ್ಟಿದ್ದವು.

"ಇದು ಕಡೀ ಸಲ ಮೇಡಂ. ಕೊಯ್ಲಿಗಿಂತ ಮೊದ್ಲ ಸೆಲ್ ಸತ್ರ ಡಬ್ಬಿ ಕಿತ್ಕೊಂಡು ಹೋಗ್ರಿ" ಎಂದರು.

ಕೀಳುವ ಮಾತೇ ಇಲ್ಲ ಎಂದು ಹಟ ಹಿಡಿದೆ.

ಅಜ್ಜನ ಉಪಕಾರ

ಸೆಲ್ ಉಳಿಸಲು ಡಬ್ಬಿಗೆ ನಿದ್ದೆ ಕಲಿಸಿದೆ. ತಾಸಿಗೊಮ್ಮೆ ಎದ್ದು, ತೇವ ನೋಡಿ, ಸುದ್ದಿ ಕಳಿಸಿ ಮತ್ತೆ ಮಲಗಬೇಕು. ಮೊದಲು ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಪರೀಕ್ಷೆ ಮಾಡಿದೆ. ವಾರದೊಳಗೆ ಸೆಲ್ ಖಾಲಿ! ಹೋಗಿ ನೋಡಿದರೆ ಹೊಲದ ಅಜ್ಜ ಹೋಗುವಾಗ ಬರುವಾಗ ಅದರ ಗುಂಡಿ ಒತ್ತುತ್ತಿದ್ದಾನೆ.

"ಯಾಕಜ್ಜಾ?"

"ದೀಪ ಆರಿತ್ತವ್ವಾ. ಮಲಗೈತೇನೋ ಅಂತ ಎಬ್ಬಿಸಿದ್ನಿ."

"ಮಲಗಲಿ ಅಂತನೇ ಮಾಡೀನಿ."

"ಹಗಲೊತ್ತು ಮಲಗೋದು ಕಲಿಸಾಕ ಕಾಲೇಜು ಬೇಕಾತೇನವ್ವಾ? ನನ್ನ ಮಗನ್ನ ಕೇಳಿದ್ರ ಪುಕ್ಕಟೆ ಹೇಳಿಕೊಡ್ತಿದ್ದ."

ಪಾಳಿ

ಗುಂಡಿಗೆ ಮುಚ್ಚಳ ಹಾಕಿ ಡಬ್ಬಿಗಳನ್ನು ಸಿರುಗುಪ್ಪಕ್ಕೆ ಒಯ್ದೆ. ಅಲ್ಲಿ ಇನ್ನೊಂದು ತಲೆನೋವು. ಎಲ್ಲ ಡಬ್ಬಿಗಳ ಸುದ್ದಿಯನ್ನೂ ಬದುವಿನ ಮೇಲಿನ ಒಂದೇ ಡಬ್ಬಿ ಫೋನಿಗೆ ದಾಟಿಸಬೇಕಿತ್ತು. ಅದರ ಸೆಲ್ಲೇ ಮೊದಲು ಇಳಿಯತೊಡಗಿತು. ತಲೆಯ ಮೇಲೆ ಕೈಹೊತ್ತು ಕುಳಿತೆ.

ಗದ್ದೆಯ ರೈತರು ಬಂದು ನನ್ನ ತೊಂದರೆ ಕೇಳಿಸಿಕೊಂಡರು. "ಕಾಲುವಿ ನೀರಿಗೆ ನಾವು ಪಾಳಿ ಹಚ್ಚಂಗಿಲ್ಲೇನ್ರಿ? ಇವಕ್ಕೂ ಹಚ್ರಿ. ದಿನಾ ಒಂದೊಂದು ಡಬ್ಬಿ ಸುದ್ದಿ ಹೊರ್ಲಿ."

ನನಗೆ ನಾಚಿಕೆಯಾಯಿತು. ಪ್ರತಿವರ್ಷ ತರಗತಿಯಲ್ಲಿ ಬೋರ್ಡಿನ ಮೇಲೆ ಇದನ್ನೇ ಬರೆಯುತ್ತೇನೆ, ಬದುವಿನ ಮೇಲೆ ಹೊಳೆಯಲೇ ಇಲ್ಲ! "ಇದನ್ನ ಎಲ್ಲಿ ಕಲಿತ್ರಿ?" ಎಂದೆ.

"ಎಲ್ಲೂ ಇಲ್ರಿ. ಕಾಲೇಜಿಗೆ ಹೋಗಿದ್ರ ನನಗೂ ಮರೀತಿತ್ತೇನೋ."

ಕೊಯ್ಲಿನ ದಿನ

ಕೊಯ್ಯುವ ಮಷೀನು ಗದ್ದೆಗಿಳಿಯುವ ದಿನ ಬಂತು. ಬೆಳಿಗ್ಗೆಯಿಂದ ಗಳಿಗೆಗೊಮ್ಮೆ ಫೋನ್ ತೆಗೆದು ನೋಡುತ್ತಿದ್ದೆ. ಪಾಳಿ ಹಚ್ಚಿದ ಡಬ್ಬಿಗಳೆಲ್ಲ ಜೀವಂತ! ಗೆದ್ದೆನೆಂದು ಬೀಗುತ್ತ ಬದುವಿನ ಮೇಲೆ ನಿಂತೆ. ಅಕ್ಕಪಕ್ಕದ ಗದ್ದೆಯವರೂ ಸೇರಿದ್ದರು.

"ತೋರಸ್ರಿ ಮೇಡಂ" ಎಂದರು ಗದ್ದೆಯ ರೈತರು.

ಫೋನ್ ಹೊರತೆಗೆದೆ. ಚಾರ್ಜ್ ಮುಗಿದು ಆರಿಹೋಗಿತ್ತು.

ಅವರೇ ಗದ್ದೆಗಿಳಿದು, ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಗುಂಡಿ ಒತ್ತಿದರು. ಒಂದೂ ತಪ್ಪದೆ ಹಸಿರು ದೀಪ ಹತ್ತಿತು. ನನಗೆ ಕಣ್ಣು ತುಂಬಿ ಬಂತು.

"ಡಬ್ಬಿ ಮುಂದಿನ ಬೆಳಿಗೂ ಇರ್ಲಿ ಬಿಡ್ರಿ" ಎನ್ನುತ್ತ ಅವರು ಕೈಚಾಚಿದರು. "ಆ ಫೋನ್ ಮಾತ್ರ ಇತ್ತ ಕೊಡ್ರಿ. ಬೆಳಿಗ್ಗಿಂದ ಅದನ್ನ ಒಂದ್ ಗಳಿಗಿನೂ ಮಲಗಾಕ ಬಿಟ್ಟಿಲ್ಲ ನೀವು."